ನಾಲಿಗೆ ಸುಮ್ಮನಾಗುವ ತನಕ

ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಹುಡುಗನಾಗಿದ್ದಾಗಲೇ ವೇದಿಕೆ ಹತ್ತಿದವರು. ಅವರ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು, ದಣಿವು ಹತ್ತಿರದವರಿಗಷ್ಟೇ ಗೊತ್ತಿತ್ತು. ಮುಂಬೈಯಲ್ಲಿ ಅವರನ್ನು ಕಾಣಲು ಪುಣೆಯಿಂದ ಒಬ್ಬ ಯೋಗ ಶಿಕ್ಷಕರು ಬಂದರು. ತುಂಬ ಸುಸ್ತಾಗಿದೆ, ಐದು ನಿಮಿಷಕ್ಕಿಂತ ಹೆಚ್ಚು ಕೊಡಲಾರೆ ಎಂದರು ಮೆನುಹಿನ್. ಬಂದವರು ವಾದಕ್ಕೆ ಇಳಿಯಲಿಲ್ಲ, ಆಸನದ ಪ್ರದರ್ಶನಕ್ಕೂ ಕೈಹಾಕಲಿಲ್ಲ. ಮಲಗಿ ಎಂದು ಹೇಳಿ ಶವಾಸನದಲ್ಲಿ ಮಲಗಿಸಿದರು. ಮೆನುಹಿನ್ ನಿದ್ದೆಹೋದರು. ಸುಮಾರು ಒಂದು ಗಂಟೆಯ ಮೇಲೆ ಎಚ್ಚರವಾದಾಗ ಮೈ ಹಗುರಾಗಿತ್ತು. ಐದು ನಿಮಿಷದ ಭೇಟಿ ಮೂರು ಗಂಟೆ ದಾಟಿತು.

ಆ ಶಿಕ್ಷಕರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬಿ.ಕೆ.ಎಸ್. ಅಯ್ಯಂಗಾರ್. 1918ರ ಡಿಸೆಂಬರ್‌ನಲ್ಲಿ, ಇನ್‌ಫ್ಲುಯೆಂಜಾ ಊರೂರು ಬಾಚಿಕೊಂಡು ಹೋಗುತ್ತಿದ್ದ ವರ್ಷದಲ್ಲಿ, ಹುಟ್ಟಿದ ಮಗು. ಬೆಳೆಯುತ್ತ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೊಂದು ಬಂದವು. ಈ ಹುಡುಗ ಬದುಕುತ್ತಾನೆಂದು ಮನೆಯವರಿಗೇ ನಂಬಿಕೆಯಿರಲಿಲ್ಲ. ಹದಿನೈದರ ವಯಸ್ಸಿಗೆ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಕಾಲ ಅದು. ಭಾವ ಗುರುವಾದರು; ಗುರುವಿನ ಕಟ್ಟುನಿಟ್ಟು ಹುಡುಗನ ಮೈಯನ್ನು ಮುರಿದು ಮತ್ತೆ ಕಟ್ಟಿತು.

ಗುರುವಿನ ಜೊತೆ ಉತ್ತರ ಕರ್ನಾಟಕದ ಪ್ರವಾಸ ಹೋದಾಗ ಡಾ. ವಿ.ಬಿ. ಗೋಖಲೆ ಎಂಬ ಶಸ್ತ್ರಚಿಕಿತ್ಸಕರ ಪರಿಚಯವಾಗಿತ್ತು. ಅವರ ಕರೆಯ ಮೇರೆಗೆ 1937ರಲ್ಲಿ, ಹದಿನೆಂಟರ ಅಯ್ಯಂಗಾರ್ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಆರು ತಿಂಗಳ ಮಟ್ಟಿಗೆ ಪಾಠ ಹೇಳಲು ಬಂದರು. ಆ ಆರು ತಿಂಗಳು ಎಪ್ಪತ್ತೇಳು ವರ್ಷಗಳಾಗಿ, 2014ರ ಆಗಸ್ಟ್ 20ರಂದು ಪುಣೆಯಲ್ಲೇ ಮುಗಿಯಿತು. ಶುರುವಿನ ವರ್ಷಗಳಲ್ಲಿ ಹೊಟ್ಟೆಗೆ ಸರಿಯಾಗಿ ಊಟವಿಲ್ಲದ ದಿನಗಳಿದ್ದವು. ಗೋಖಲೆಯವರು ಸಭೆಗಳಲ್ಲಿ ಅಂಗರಚನೆಯ ವಿಷಯ ಮಾತಾಡುವರು, ಪಕ್ಕದಲ್ಲಿ ಅಯ್ಯಂಗಾರ್ ಆಸನ ಮಾಡಿ ತೋರಿಸುವರು. ವೈದ್ಯರ ಮಾತು ಮತ್ತು ಯೋಗಿಯ ಮೈ ಪುಣೆಯಲ್ಲಿ ಒಂದೇ ವೇದಿಕೆ ಹತ್ತಿದ್ದು ಹೀಗೆ.

1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ ಪುಸ್ತಕ ಇನ್ನೂರು ಆಸನಗಳನ್ನು ವಿವರಿಸುತ್ತದೆ. ಕೊನೆಯದು ಶವಾಸನ. ಮೈಯನ್ನು ಬಿಲ್ಲಿನಂತೆ ಬಗ್ಗಿಸುವ, ಕೈಮೇಲೆ ನಿಲ್ಲುವ ಆಸನಗಳನ್ನೆಲ್ಲ ದಾಟಿ ಬಂದ ಮೇಲೆ, ಅಂಗಾತ ಮಲಗುವ ಈ ಆಸನವೇ ಸಾಧಿಸಲು ಅತಿ ಕಷ್ಟದ್ದರಲ್ಲಿ ಒಂದು ಎಂದು ಅವರು ಹೇಳುತ್ತಾರೆ. ಮಲಗುವುದರಲ್ಲಿ ಕಷ್ಟವೇನು? ಉತ್ತರ ಹುಡುಕಲು ಮೊದಲು ಪುಣೆಯ ಇನ್ನೊಬ್ಬ ವ್ಯಕ್ತಿಯ ಕಡೆ, ಮಾತನ್ನೇ ಬಿಟ್ಟವರ ಕಡೆ ಹೋಗಬೇಕು.

ಮೆಹರ್ ಬಾಬಾ ಹುಟ್ಟಿದ್ದು ಪುಣೆಯಲ್ಲಿ, 1894ರ ಫೆಬ್ರವರಿ 25ರಂದು, ಇರಾನಿ ಜರತುಷ್ಟ್ರ ಮನೆತನದಲ್ಲಿ. ಡೆಕ್ಕನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಕ್ಯಾಂಪ್ ಭಾಗದ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ ವೃದ್ಧೆ, ಸೂಫಿ ಸಂತೆ ಹಜರತ್ ಬಾಬಾಜಾನ್ ಅವರ ಸಂಪರ್ಕಕ್ಕೆ ಬಂದರು. ಬಾಬಾಜಾನ್ ಅವರ ದರ್ಗಾ ಇಂದಿಗೂ ಅಲ್ಲಿ, ಗಾಡಿಗಳ ನಡುವೆ, ರಸ್ತೆಯ ಮಗ್ಗುಲಿಗೇ ಇದೆ. 1925ರ ಜುಲೈ 10ರಂದು ಅಹಮದ್‌ನಗರದ ಬಳಿಯ ಮೆಹೆರಾಬಾದ್‌ನಲ್ಲಿ ಮೆಹರ್ ಬಾಬಾ ಮೌನ ಹಿಡಿದರು. 1969ರ ಜನವರಿ 31ರಂದು ದೇಹ ಬಿಡುವ ತನಕ, ನಲವತ್ಮೂರು ವರ್ಷ ಮೀರಿ, ಆ ಮೌನ ಮುರಿಯಲಿಲ್ಲ. ಅವರ ಭಕ್ತರು ಇಂದಿಗೂ ಜುಲೈ 10ರಂದು ಮಾತು ಬಿಡುತ್ತಾರೆ.

ಆದರೆ ಆ ಮೌನದ ಒಳಗೆ ಭಾಷೆ ಒಂದು ದಿನವೂ ನಿಲ್ಲಲಿಲ್ಲ. ಇಂಗ್ಲಿಷ್ ಅಕ್ಷರಗಳ ಫಲಕವೊಂದನ್ನು ಮುಂದಿಟ್ಟುಕೊಂಡು, ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಮಿಂಚಿನಂತೆ ಓಡಿಸಿ ಅವರು ಮಾತಾಡುತ್ತಿದ್ದರು. ಪಕ್ಕದವರು ಗಟ್ಟಿಯಾಗಿ ಓದುತ್ತಿದ್ದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದ ಗಾಂಧೀಜಿ ಇದ್ದ ‘ರಾಜಪುತಾನಾ’ ಹಡಗಿನಲ್ಲೇ ಬಾಬಾ ಕೂಡ ಇದ್ದರು. ಇಬ್ಬರ ಮಾತುಕತೆ ನಡೆದದ್ದೂ ಆ ಫಲಕದ ಮೇಲೆಯೇ. 1955ರಲ್ಲಿ ಪ್ರಕಟವಾದ ‘ಗಾಡ್ ಸ್ಪೀಕ್ಸ್’ ಎಂಬ ದೊಡ್ಡ ಗ್ರಂಥ ರೂಪುಗೊಂಡದ್ದೂ ಹಾಗೆ. 1954ರಲ್ಲಿ ಫಲಕವನ್ನೂ ಬಿಟ್ಟು ಕೈಸನ್ನೆಗೆ ಬಂದರು. ಆ ಮೌನಕ್ಕೆ ಅವರು ಕೊಟ್ಟ ಆಧ್ಯಾತ್ಮಿಕ ಅರ್ಥ ಬೇರೆಯದು, ಅದು ನಂಬಿದವರ ಲೋಕ. ವಿಜ್ಞಾನದ ಕಣ್ಣಿಗೆ ಮುಖ್ಯವಾಗುವುದು ಒಂದೇ ಸಂಗತಿ: ಗಂಟಲು ನಲವತ್ತು ವರ್ಷ ಮುಚ್ಚಿದ್ದರೂ ಮೆದುಳಿನ ಭಾಷಾ ಕೇಂದ್ರಗಳು ಬಿಡುವಿಲ್ಲದೆ ಕೆಲಸ ಮಾಡಬಲ್ಲವು. ದನಿ ನಿಲ್ಲಿಸುವುದು ಒಂದು ಕೆಲಸ, ಒಳಗಿನ ಮಾತು ನಿಲ್ಲಿಸುವುದು ಇನ್ನೊಂದು.

ಒಳಗಿನ ಮಾತು ಎಲ್ಲಿ ನಡೆಯುತ್ತದೆ? ಮೆದುಳಿನಲ್ಲಿ ಎಂಬುದು ಅರ್ಧ ಉತ್ತರ. ಷಿಕಾಗೊದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1930ರ ಸುಮಾರಿಗೆ ಸೂಕ್ಷ್ಮ ವಿದ್ಯುತ್ ಮಾಪಕಗಳನ್ನು ಕಟ್ಟಿ, ಸುಮ್ಮನೆ ಮಲಗಿದವರ ನಾಲಿಗೆ ಮತ್ತು ತುಟಿಗಳ ಸ್ನಾಯುಗಳಿಗೆ ಜೋಡಿಸಿದರು. ಮನಸ್ಸಿನಲ್ಲೇ ಎಣಿಸಿ ಎಂದಾಗ, ಯಾರೊಡನೆಯೋ ಮಾತಾಡುವುದನ್ನು ಕಲ್ಪಿಸಿಕೊಳ್ಳಿ ಎಂದಾಗ, ಕಣ್ಣಿಗೆ ಏನೂ ಕಾಣದಿದ್ದರೂ ನಾಲಿಗೆಯ ಸ್ನಾಯು ನಿಜವಾಗಿ ಮಾತಾಡುವಾಗಿನ ಕ್ರಮದಲ್ಲೇ ಸಣ್ಣಗೆ ಮಿಡಿಯುತ್ತಿತ್ತು. ಚಿತ್ರವೊಂದನ್ನು ಕಲ್ಪಿಸಿಕೊಂಡರೆ ಕಣ್ಣಿನ ಸ್ನಾಯು ಮಿಡಿಯುತ್ತಿತ್ತು. ಸ್ನಾಯುಗಳನ್ನು ಒಂದೊಂದಾಗಿ ಸಡಿಲ ಬಿಡಲು ಚೆನ್ನಾಗಿ ಕಲಿತವರು, ನಾಲಿಗೆ ಕಣ್ಣು ಎರಡೂ ಪೂರ್ತಿ ಸಡಿಲವಾದಾಗ ಮನಸ್ಸಿನಲ್ಲಿ ಮಾತೂ ಇರಲಿಲ್ಲ, ಚಿತ್ರವೂ ಇರಲಿಲ್ಲ ಎಂದು ಹೇಳಿದರು.

ಹಾಗಾದರೆ ಯೋಚನೆ ಎಂದರೆ ಸ್ನಾಯುಗಳ ಮಿಡಿತವೇ? ಕೆಲವರು ಹಾಗೇ ವಾದಿಸಿದರು. ಅದನ್ನು ಒರೆಗೆ ಹಚ್ಚಿದ ರೀತಿ ಎದೆ ಝಲ್ಲೆನ್ನಿಸುವಂಥದ್ದು. 1947ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ತಮ್ಮ ಮೇಲೆಯೇ ಕ್ಯುರಾರೆ ಔಷಧದ ಪ್ರಯೋಗ ಮಾಡಿಸಿಕೊಂಡರು. ಅದು ಮೈಯ ಎಲ್ಲ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ; ಉಸಿರಾಟವನ್ನೂ ಬೇರೆಯವರು ನಡೆಸಬೇಕು. ಒಂದು ರೆಪ್ಪೆಯನ್ನೂ ಆಡಿಸಲಾಗದೆ ಮಲಗಿದ್ದ ಅವರು ಆಮೇಲೆ ಎದ್ದು, ಆ ಹೊತ್ತಿನಲ್ಲಿ ಸುತ್ತಲಿನವರು ಆಡಿದ್ದು ಮಾಡಿದ್ದೆಲ್ಲವನ್ನೂ ಹೇಳಿದರು. ಸ್ನಾಯು ಸತ್ತಂತಿದ್ದರೂ ಮನಸ್ಸು ನಿಚ್ಚಳವಾಗಿತ್ತು. ಅಂದರೆ ನಾಲಿಗೆ ಯೋಚನೆಯ ತವರಲ್ಲ. ಆದರೂ ಜೇಕಬ್‌ಸನ್ ಕಂಡದ್ದು ಸುಳ್ಳಾಗಲಿಲ್ಲ. ಮೆದುಳು ಮಾತು ಹೆಣೆದಾಗ ಅದರ ನೆರಳು ನಾಲಿಗೆಯ ಮೇಲೆ ಬೀಳುತ್ತದೆ. ತಾನಾಗಿ ನಾಲಿಗೆ ಬಿಗಿ ಬಿಡಲು ಕಲಿತವರಿಗೆ ಆ ನೆರಳನ್ನು ಹಿಡಿದು ಹಿಂದಕ್ಕೆ ನಡೆಯುವ ಒಂದು ದಾರಿ ಸಿಗುತ್ತದೆ. ಔಷಧದಿಂದ ನಿಂತ ಸ್ನಾಯುವಿಗೂ, ಕಲಿತು ಸಡಿಲಬಿಟ್ಟ ಸ್ನಾಯುವಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಅಯ್ಯಂಗಾರ್ ಪರಂಪರೆಯ ಶವಾಸನದ ಪಾಠ ಕೇಳಿದವರಿಗೆ ಇದು ಹೊಸತೆನಿಸದು. ಕೈಕಾಲು ಬಿಡಿ ಎಂಬಲ್ಲಿಗೆ ಅಲ್ಲಿನ ಪಾಠ ಮುಗಿಯುವುದಿಲ್ಲ. ಹಣೆಯ ಚರ್ಮ ಹುಬ್ಬಿನ ಕಡೆ ಇಳಿಯಲಿ, ಕಣ್ಣಗುಡ್ಡೆ ಹಿಂದಕ್ಕೆ ಸರಿಯಲಿ, ನಾಲಿಗೆ ಕೆಳದವಡೆಯಲ್ಲಿ ಮಲಗಲಿ ಎಂದು ಶಿಕ್ಷಕರು ಒಂದೊಂದೇ ಜಾಗಕ್ಕೆ ಗಮನ ಕರೆದೊಯ್ಯುತ್ತಾರೆ. ಕಣ್ಣಿನ ಮೇಲೆ ಮೆತ್ತಗಿನ ಬಟ್ಟೆ, ಕೆಲವೊಮ್ಮೆ ತಲೆಸುತ್ತ ಕ್ರೇಪ್ ಬ್ಯಾಂಡೇಜು, ಬೆನ್ನಿನ ಕೆಳಗೆ ದಿಂಬು, ಮಡಿಸಿದ ಕಂಬಳಿ. ಕಾಯಿಲೆಯ ಮೈಯನ್ನು ಹೊತ್ತು ಬೆಳೆದವರೊಬ್ಬರು ಮಾತ್ರ ಇಷ್ಟು ಕಕ್ಕುಲಾತಿಯಿಂದ ಕಂಬಳಿಯ ಮಡಿಕೆ ಲೆಕ್ಕ ಹಾಕಬಲ್ಲರು.

ಪುಣೆಯಿಂದ ಮುಂಬೈ ಕಡೆ ಘಟ್ಟ ಇಳಿಯುವ ಮುಂಚೆ ಲೋಣಾವಳ ಸಿಗುತ್ತದೆ. ಯೋಗವನ್ನು ಪ್ರಯೋಗಶಾಲೆಗೆ ತಂದ ಕೀರ್ತಿ ಪುಣೆ ಜಿಲ್ಲೆಯ ಈ ಊರಿನದು. ಜಗನ್ನಾಥ ಗಣೇಶ ಗುಣೆ ಎಂಬ ಶಿಕ್ಷಣತಜ್ಞರು, ಸ್ವಾಮಿ ಕುವಲಯಾನಂದ ಎಂಬ ಹೆಸರಿನಲ್ಲಿ, 1924ರಲ್ಲಿ ಇಲ್ಲಿ ಕೈವಲ್ಯಧಾಮ ಕಟ್ಟಿದರು. ಅದೇ ವರ್ಷ ‘ಯೋಗ ಮೀಮಾಂಸಾ’ ಎಂಬ ಸಂಶೋಧನಾ ಪತ್ರಿಕೆ ಶುರುಮಾಡಿದರು. ನರ್ಮದಾ ತೀರದ ಗುರು ಮಾಧವದಾಸರಿಂದ ಯೋಗ ಕಲಿತ ಅವರಿಗೆ ಎಕ್ಸ್‌ರೇ ಯಂತ್ರದ ಮೇಲೂ ಪಾದರಸದ ಒತ್ತಡಮಾಪಕದ ಮೇಲೂ ಅಷ್ಟೇ ಶ್ರದ್ಧೆ. ಹೊಟ್ಟೆಯ ಸ್ನಾಯುಗಳನ್ನು ಸುತ್ತಿಸುವ ನೌಲಿ ಕ್ರಿಯೆಯಲ್ಲಿ ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ ಎಂದು ಅಳೆದು ತೋರಿಸಿ, ಅದಕ್ಕೆ ಗುರುವಿನ ಹೆಸರನ್ನೇ ಇಟ್ಟರು.

ಅವರ ದೊಡ್ಡತನ ಕಾಣುವುದು ಇನ್ನೊಂದು ಪ್ರಯೋಗದಲ್ಲಿ. ಪ್ರಾಣಾಯಾಮ ಮಾಡಿದರೆ ಮೈಗೆ ಹೆಚ್ಚು ಆಮ್ಲಜನಕ ಸಿಗುತ್ತದೆ ಎಂಬ ಮಾತು ಆಗಲೂ ಇತ್ತು, ಈಗಲೂ ಉದ್ಯಾನಗಳ ಯೋಗ ಶಿಬಿರಗಳಲ್ಲಿ ಕೇಳುತ್ತದೆ. ಕುವಲಯಾನಂದರು ಉಸಿರಿನ ಗಾಳಿಯನ್ನು ಸಂಗ್ರಹಿಸಿ ಅಳೆದರು. ಹೆಚ್ಚಿನ ಆಮ್ಲಜನಕವೇನೂ ಮೈಗೆ ಸೇರುತ್ತಿರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. ಪ್ರಾಣಾಯಾಮದ ಬೆಲೆ ಆಮ್ಲಜನಕದಲ್ಲಿಲ್ಲ, ಬೇರೆಲ್ಲೋ ಇದೆ ಎಂದು ಬರೆದರು. ತಾನು ಪ್ರೀತಿಸುವ ವಿದ್ಯೆಯ ಬಗ್ಗೆಯೇ ಹೀಗೆ ಬರೆಯಲು ಎದೆಗಾರಿಕೆ ಬೇಕು. ಇಂದು ಯೋಗದ ಹೆಸರಿನಲ್ಲಿ ಬರುವ ನೂರಾರು ಹೇಳಿಕೆಗಳ ನಡುವೆ ಲೋಣಾವಳದ ಆ ಹಳೆಯ ಪತ್ರಿಕೆಯ ಪುಟಗಳು ಇನ್ನೂ ಓದಿಗೆ ಯೋಗ್ಯವಾಗಿರುವುದು ಇದೇ ಕಾರಣಕ್ಕೆ. 1927ರಲ್ಲಿ ರಕ್ತದೊತ್ತಡ ಏರಿ ಕುಸಿದ ಗಾಂಧೀಜಿ ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಬಂದಿದ್ದ ತಿಂಗಳುಗಳಲ್ಲಿ ಆಸನಗಳ ವಿಷಯವಾಗಿ ಪತ್ರ ಬರೆದು ವಿಚಾರಿಸುತ್ತಿದ್ದದ್ದು ಈ ಕುವಲಯಾನಂದರನ್ನೇ.

ಪ್ರಾಣಾಯಾಮದ ಬೆಲೆ ಬೇರೆಲ್ಲೋ ಇದೆ ಎಂದರೆ ಎಲ್ಲಿ? ಅದರ ಸುಳಿವು ಮೈಸೂರಿನ ಒಂದು ಕತೆಯಲ್ಲಿದೆ. 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ ಹೊತ್ತೊಯ್ಯಬಹುದಾದ ಇಸಿಜಿ ಯಂತ್ರದೊಂದಿಗೆ ಭಾರತ ಸುತ್ತುತ್ತ ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದರು. ಯಂತ್ರದ ಗೆರೆ ಬಹುತೇಕ ಚಪ್ಪಟೆಯಾಯಿತು. ಯೋಗಿ ಹೃದಯವನ್ನೇ ನಿಲ್ಲಿಸಬಲ್ಲ ಎಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಎರಡು ದಶಕಗಳ ಮೇಲೆ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ.ಕೆ. ಆನಂದ್ ಹೆಚ್ಚು ನಿಖರವಾದ ಯಂತ್ರಗಳೊಂದಿಗೆ, ಆಗ ಮದ್ರಾಸಿನಲ್ಲಿದ್ದ ಅದೇ ಕೃಷ್ಣಮಾಚಾರ್ಯರನ್ನೂ ಸೇರಿಸಿ, ಹಲವರನ್ನು ಮತ್ತೆ ಪರೀಕ್ಷಿಸಿದರು. 1961ರಲ್ಲಿ ಬಂದ ವರದಿ ಹೇಳಿದ್ದು ಇಷ್ಟು: ಹೃದಯ ನಿಲ್ಲುವುದಿಲ್ಲ. ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಮಣಿಕಟ್ಟಿನ ನಾಡಿ ಸಿಗದಂತಾಗುತ್ತದೆ, ಎದೆಸದ್ದು ಸ್ನಾಯುವಿನ ಸದ್ದಿನಲ್ಲಿ ಮುಳುಗುತ್ತದೆ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಪವಾಡ ಬಿದ್ದುಹೋಯಿತು. ಆದರೆ ಉಸಿರಿನ ಕೈಗೆ ಹೃದಯದ ಒಂದು ಹಗ್ಗ ಸಿಗುತ್ತದೆ ಎಂಬುದು ಉಳಿಯಿತು.

ಆ ಹಗ್ಗವನ್ನು ಓದುಗರು ಈ ಪುಟ ಓದುತ್ತಲೇ ಮುಟ್ಟಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ, ಉಸಿರು ಒಳಗೆ ಬರುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಹೋಗುವಾಗ ತುಸು ತಡೆಯುತ್ತದೆ. ಮೆದುಳಕಾಂಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಹರಿಯುವ ವೇಗಸ್ ನರ ಹೃದಯಕ್ಕೆ ಸದಾ ಒಂದು ಬ್ರೇಕು ಹಾಕಿಟ್ಟಿರುತ್ತದೆ. ಉಚ್ಛ್ವಾಸದಲ್ಲಿ ಅದು ಸಡಿಲ, ನಿಶ್ವಾಸದಲ್ಲಿ ಬಿಗಿ. ಹೊರಹೋಗುವ ಉಸಿರು ಉದ್ದವಾದಷ್ಟೂ ಬ್ರೇಕಿನ ಹೊತ್ತು ಹೆಚ್ಚು. ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಬಾರಿ ಉಸಿರಾಡುವ ಮನುಷ್ಯ ಆರಕ್ಕೆ ಇಳಿದರೆ, ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ರಕ್ತದೊತ್ತಡದ ಸಹಜ ಅಲೆಗೂ ಉಸಿರಿನ ಅಲೆಗೂ ತಾಳ ಕೂಡುತ್ತದೆ. ಕತ್ತಿನ ಮತ್ತು ಮಹಾಪಧಮನಿಯ ಗೋಡೆಗಳಲ್ಲಿ ಒತ್ತಡ ಅಳೆಯುವ ನರತುದಿಗಳು ಆಗ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತವೆ.

ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಜನರನ್ನು ಕೂರಿಸಿ, ಒಮ್ಮೆ ಲ್ಯಾಟಿನ್‌ನಲ್ಲಿ ಮೇರಿ ಮಾತೆಯ ಜಪಮಾಲೆ, ಇನ್ನೊಮ್ಮೆ ‘ಓಂ ಮಣಿ ಪದ್ಮೇ ಹುಂ’ ಮಂತ್ರ ಹೇಳಿಸಿದರು. ಎರಡು ಧರ್ಮ, ಎರಡು ಭಾಷೆ. ಉಸಿರು ಮಾತ್ರ ಎರಡರಲ್ಲೂ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು. ಜಪದ ಒಂದು ಸುತ್ತಿನ ಉದ್ದವೇ ಹಾಗಿತ್ತು. ಪುಣೆಗೆ ಬಂದು ನೆಲೆಸಿದ ಇನ್ನೊಬ್ಬ ಕನ್ನಡಿಗ, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು, ತಮ್ಮ ಕುಂದಗೋಳದ ಗುರುವಿನ ನೆನಪಿಗೆ 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಉತ್ಸವದಲ್ಲಿ ಕೂತವರು ಬಲ್ಲರು: ದೀರ್ಘ ಆಲಾಪ ಎಂದರೆ ಹಿಡಿತದಲ್ಲಿಟ್ಟ ನಿಶ್ವಾಸವೇ. ಹಾಡುವವರು, ಜಪಿಸುವವರು, ಶವಾಸನದಲ್ಲಿ ಮಲಗಿದವರು ಹಿಡಿದಿರುವುದು ಒಂದೇ ಹಗ್ಗ.

ಉಸಿರಿನ ಸುದ್ದಿ ಹೃದಯಕ್ಕಷ್ಟೇ ಅಲ್ಲ, ಎಚ್ಚರದ ಕೇಂದ್ರಕ್ಕೂ ಹೋಗುತ್ತದೆ. ಮೆದುಳಕಾಂಡದಲ್ಲಿ ಉಸಿರಿನ ತಾಳ ಹಾಕುವ ಪುಟ್ಟ ಗಂಟೊಂದನ್ನು 1991ರಲ್ಲಿ ಜ್ಯಾಕ್ ಫೆಲ್ಡ್‌ಮನ್ ತಂಡ ಗುರುತಿಸಿತ್ತು. 2017ರಲ್ಲಿ ಕೆವಿನ್ ಯಾಕ್ಲ್ ಮತ್ತಿತರರು ಇಲಿಗಳಲ್ಲಿ ಆ ಗಂಟಿನ ಒಂದು ಸಣ್ಣ ಗುಂಪಿನ ಕೋಶಗಳನ್ನು ಮಾತ್ರ ತೆಗೆದುಹಾಕಿದರು. ಉಸಿರಾಟ ನಡೆದೇ ಇತ್ತು. ಇಲಿಗಳು ಮಾತ್ರ ವಿಚಿತ್ರವಾಗಿ ಶಾಂತವಾದವು. ಹೊಸ ಗೂಡಿಗೆ ಬಿಟ್ಟರೆ ಮೂಸುತ್ತ ಓಡಾಡಬೇಕಾದ ಪ್ರಾಣಿಗಳು ಕೂತು ಮೈ ನೆಕ್ಕಿಕೊಳ್ಳುತ್ತಿದ್ದವು. ಉಸಿರು ಚುರುಕಾದೊಡನೆ ಲೋಕಸ್ ಸೆರುಲಿಯಸ್ ಎಂಬ ಎಚ್ಚರದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಿದ್ದ ಕೋಶಗಳು ಅವು. ಮನುಷ್ಯರಲ್ಲಿ ಇದೇ ತಂತಿ ಹೀಗೇ ಇದೆ ಎಂದು ಇಲಿಯಿಂದ ನೇರವಾಗಿ ಹೇಳಲಾಗದು. ಆದರೂ ಮನಸ್ಸು ಕೆದರಿದಾಗ ಉಸಿರು ಓಡುವುದಷ್ಟೇ ಅಲ್ಲ, ಉಸಿರು ಓಡಿದಾಗ ಮನಸ್ಸು ಕೆದರುತ್ತದೆ ಎಂಬುದಕ್ಕೆ ಮೊದಲ ಬಾರಿಗೆ ಕೋಶಗಳ ಮಟ್ಟದ ಸಾಕ್ಷ್ಯ ಸಿಕ್ಕಿತು.

ಇಲ್ಲಿಗೆ ಹೊರಗಿನ ಸದ್ದಿನ ಮಾತು ಬರಲೇಬೇಕು, ಪುಣೆಯಲ್ಲಂತೂ ಬರಲೇಬೇಕು. ಗಣೇಶ ವಿಸರ್ಜನೆಯ ಮೆರವಣಿಗೆ ಲಕ್ಷ್ಮಿ ರಸ್ತೆಯಲ್ಲಿ ಸಾಗುವಾಗ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ವರ್ಷವರ್ಷವೂ ಚೌಕಗಳಲ್ಲಿ ನಿಂತು ಸದ್ದನ್ನು ಅಳೆಯುತ್ತಾರೆ. ಅಂಕಿ 100 ಡೆಸಿಬೆಲ್ ಆಸುಪಾಸಿಗೆ ಹೋದ ವರ್ಷಗಳಿವೆ. ದೇಶದ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದೆ. ಕಿವಿಗೆ ರೆಪ್ಪೆಯಿಲ್ಲ. ಮಲಗಿ ನಿದ್ದೆಹೋದವರ ಹೃದಯವೂ ಹೊರಗಿನ ಹಾರ್ನಿಗೆ ಬೆಚ್ಚುತ್ತದೆ, ಬೆಳಿಗ್ಗೆ ಅವರಿಗದು ನೆನಪಿರುವುದಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬ ನಿಯಮವನ್ನು ನಮ್ಮ ನಗರಗಳು ಫಲಕದ ಮಟ್ಟದಲ್ಲೇ ನಿಲ್ಲಿಸಿರುವುದು ಬೇಸರದ ಸಂಗತಿ. ಒಳಗಿನ ಶಾಂತಿ ಕಲಿಯಿರಿ ಎಂದು ಜನರಿಗೆ ಹೇಳಿ, ಹೊರಗಿನ ಗದ್ದಲವನ್ನು ಹಾಗೇ ಬಿಡುವುದು ನ್ಯಾಯವಲ್ಲ.

ಆದರೆ ಸದ್ದೆಲ್ಲ ನಿಂತ ಕೋಣೆ ಕೂಡ ತಾನಾಗಿ ಶಾಂತಿ ಕೊಡುವುದಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊತಿ ವಿಲ್ಸನ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಹದಿನೈದು ನಿಮಿಷ ಖಾಲಿ ಕೋಣೆಯಲ್ಲಿ ಸುಮ್ಮನೆ ಕೂರಿಸಲಾಯಿತು. ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ವಿದ್ಯುತ್ ಆಘಾತ. ಅದರ ರುಚಿ ಅವರಿಗೆ ಮೊದಲೇ ತೋರಿಸಲಾಗಿತ್ತು, ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ಳುತ್ತೇವೆ ಎಂದೇ ಹೇಳಿದ್ದರು. ಹಾಗಿದ್ದೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಆ ಹದಿನೈದು ನಿಮಿಷದಲ್ಲಿ ಕನಿಷ್ಠ ಒಮ್ಮೆ ಗುಂಡಿ ಒತ್ತಿಕೊಂಡರು. ತಮ್ಮದೇ ಯೋಚನೆಗಳ ಜೊತೆ ಒಂಟಿಯಾಗಿ ಕೂರುವುದಕ್ಕಿಂತ ಆಘಾತವೇ ಸಹ್ಯವೆನಿಸಿತು.

ಇದಕ್ಕೆ ಮೆದುಳಿನಲ್ಲೇ ಕಾರಣವಿದೆ. ಮನುಷ್ಯ ಯಾವ ಕೆಲಸವನ್ನೂ ಮಾಡದೆ ಕೂತಾಗ ಮೆದುಳಿನ ಕೆಲವು ಭಾಗಗಳು ಸುಮ್ಮನಾಗುವ ಬದಲು ಇನ್ನಷ್ಟು ಚುರುಕಾಗುತ್ತವೆ ಎಂದು ಮಾರ್ಕಸ್ ರೈಕ್ಲ್ ತಂಡ 2001ರಲ್ಲಿ ಹೇಳಿತು. ನಿನ್ನೆ ಯಾರೋ ಆಡಿದ ಮಾತು, ನಾಳೆ ಕಟ್ಟಬೇಕಾದ ಕಂತು, ತಾನು ಹೇಗೆ ಕಾಣುತ್ತೇನೆ ಎಂಬ ಚಿಂತೆ, ಇವೆಲ್ಲ ಆ ಭಾಗಗಳ ಜಾಲದ ಕೆಲಸ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರನ್ನು ಮೊಬೈಲ್ ಮೂಲಕ ಆಗಾಗ ವಿಚಾರಿಸಿದಾಗ ಸುಮಾರು ಶೇಕಡಾ 47 ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿರಲಿಲ್ಲ. ಅಲೆಯುತ್ತಿದ್ದ ಹೊತ್ತಿನಲ್ಲಿ ಸಂತೋಷವೂ ಕಡಿಮೆಯಿತ್ತು. ಬಹಳ ವರ್ಷ ಧ್ಯಾನ ಮಾಡಿದವರಲ್ಲಿ ಈ ಜಾಲದ ಮುಖ್ಯ ಭಾಗಗಳು ಹೊಸಬರಿಗಿಂತ ತಣ್ಣಗಿರುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದ ಜಡ್ಸನ್ ಬ್ರೂವರ್ 2011ರಲ್ಲಿ ತೋರಿಸಿದರು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು 12 ಜನರಿಗೆ ಎಂಆರ್‌ಐ ಯಂತ್ರದೊಳಗೆ ಓಂಕಾರ ಹೇಳಿಸಿ, ಭಾವನೆಗೆ ಸಂಬಂಧಿಸಿದ ಆಳದ ಭಾಗಗಳು ತಣ್ಣಗಾದದ್ದನ್ನು ಕಂಡರು. ಅಷ್ಟೇ ಹೊತ್ತು ‘ಸ್ಸ್ಸ್’ ಎಂದಾಗ ಹಾಗಾಗಲಿಲ್ಲ. ಹನ್ನೆರಡು ಜನರ ಪ್ರಯೋಗದ ಮೇಲೆ ಗೋಪುರ ಕಟ್ಟಬಾರದು, ಆದರೆ ಸರಿಯಾದ ಹೋಲಿಕೆ ಇಟ್ಟು ಮಾಡಿದ ಕೆಲಸವೆಂಬ ಗೌರವ ಅದಕ್ಕೆ ಸಲ್ಲಬೇಕು.

ಬರ್ನಾರ್ಡಿಯವರ ಇನ್ನೊಂದು ಪ್ರಯೋಗ ಮೌನದ ಪ್ರಶ್ನೆಗೆ ಹೊಸ ಬಾಗಿಲು ತೆರೆಯಿತು. 2006ರಲ್ಲಿ ಅವರು 24 ಜನರಿಗೆ ಬಗೆಬಗೆಯ ಸಂಗೀತ ಕೇಳಿಸಿ ಉಸಿರು, ರಕ್ತದೊತ್ತಡ, ಎದೆಬಡಿತ ಅಳೆದರು. ಹಾಡುಗಳ ನಡುವೆ ಎರಡು ನಿಮಿಷದ ಬಿಡುವನ್ನೂ ಇಟ್ಟಿದ್ದರು. ಅಚ್ಚರಿ ಕಾದಿದ್ದದ್ದು ಆ ಬಿಡುವಿನಲ್ಲೇ: ಸಂಗೀತ ಶುರುವಾಗುವ ಮುಂಚಿನ ಮೌನಕ್ಕಿಂತ, ಸಂಗೀತದ ನಡುವೆ ಬಂದ ಮೌನದಲ್ಲಿ ಮೈ ಹೆಚ್ಚು ಶಾಂತವಾಗಿತ್ತು. ಗಮನವನ್ನು ಒಂದು ಕಡೆ ಹಿಡಿದು ಆಮೇಲೆ ಬಿಟ್ಟಾಗ ಸಿಗುವ ನೆಮ್ಮದಿ, ಖಾಲಿ ಕೂತಾಗ ಸಿಗದು. ಮೆನುಹಿನ್‌ರ ಬದುಕೆಲ್ಲ ಸ್ವರಗಳ ನಡುವಿನ ಮೌನದಲ್ಲೇ ಕಳೆದಿತ್ತು. ದಣಿದ ಆ ಮೈ ನೆಲ ಮುಟ್ಟಿದೊಡನೆ ನಿದ್ದೆಗಿಳಿದದ್ದರಲ್ಲಿ ಅದರ ಪಾಲೂ ಇದ್ದೀತು.

ಪುಣೆಯ ಧ್ಯಾನ ಪದ್ಧತಿಗಳನ್ನು ಈ ಬೆಳಕಿನಲ್ಲಿ ನೋಡಿದರೆ ಹೊರನೋಟಕ್ಕೆ ಸಂಬಂಧವೇ ಇಲ್ಲದವು ಹತ್ತಿರ ಬರುತ್ತವೆ. ಅಯ್ಯಂಗಾರ್ ತರಗತಿಯಲ್ಲಿ ಶವಾಸನ ಕೊನೆಗೆ, ಸ್ನಾಯುಗಳನ್ನೆಲ್ಲ ಚೆನ್ನಾಗಿ ದುಡಿಸಿದ ಮೇಲೆ ಬರುತ್ತದೆ. 1974ರಲ್ಲಿ ಕೋರೆಗಾಂವ್ ಪಾರ್ಕಿಗೆ ಬಂದು ನೆಲೆಸಿದ ರಜನೀಶರ ಸಕ್ರಿಯ ಧ್ಯಾನದಲ್ಲಿ ಮೊದಲ ಮೂವತ್ತು ನಿಮಿಷ ಬಿರುಸಿನ ಉಸಿರು, ಕೂಗು, ಕುಣಿತ. ಆಮೇಲೆ ಇದ್ದಲ್ಲೇ ಹದಿನೈದು ನಿಮಿಷ ಅಲುಗದೆ ನಿಲ್ಲುವುದು. ಆ ಆಶ್ರಮದ ಸುತ್ತಲಿನ ವಿವಾದಗಳು ಬೇರೆಯೇ ಅಧ್ಯಾಯ. ಶರೀರಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಎರಡೂ ಕಡೆ ಕ್ರಮ ಒಂದೇ, ಮೊದಲು ಬಿಗಿ, ಆಮೇಲೆ ಬಿಡುಗಡೆ. ಆಳಂದಿ ಹತ್ತಿರದ ಮರಕಳದ ವಿಪಶ್ಯನಾ ಕೇಂದ್ರದಲ್ಲಿ, ಎಸ್.ಎನ್. ಗೋಯೆಂಕಾ ಹಾಕಿಕೊಟ್ಟ ಹತ್ತು ದಿನದ ಶಿಬಿರ ಬೆಳಗಿನ ನಾಲ್ಕಕ್ಕೆ ಏಳಿಸುತ್ತದೆ. ಮಾತಿಲ್ಲ, ಸನ್ನೆಯಿಲ್ಲ, ಓದು ಬರಹವಿಲ್ಲ, ಮೊಬೈಲಿಲ್ಲ. ಮೆಹರ್ ಬಾಬಾರ ಮೌನಕ್ಕಿಂತ ಇದರ ಕಟ್ಟಳೆ ಬೇರೆ, ಭಾಷೆಯ ಎಲ್ಲ ಬಾಗಿಲನ್ನೂ ಮುಚ್ಚುತ್ತದೆ. ಹಾಗೆ ಮುಚ್ಚಿದ ಮೇಲೂ ಮನಸ್ಸಿಗೆ ಹಿಡಿಯಲು ಏನಾದರೂ ಬೇಕಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯಲ್ಲಿ ಓಡಾಡುವ ಉಸಿರನ್ನೇ ಗಮನಿಸಲು ಹೇಳಲಾಗುತ್ತದೆ.

ಇದೆಲ್ಲದರ ಇತಿಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2014ರಲ್ಲಿ ಮಾಧವ್ ಗೋಯಲ್ ಮತ್ತಿತರರು 47 ಪ್ರಯೋಗಗಳನ್ನು, 3,515 ಜನರ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಮಿತವಾದ, ಆದರೆ ನಿಜವಾದ ಸುಧಾರಣೆ ಕಂಡಿತು. ಔಷಧ, ವ್ಯಾಯಾಮ ಮುಂತಾದ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಆಧಾರ ಸಿಗಲಿಲ್ಲ. ಇನ್ನು ಕೆಲವರಿಗೆ ದೀರ್ಘ ಮೌನವೇ ಹೊರೆಯಾಗುತ್ತದೆ. ಹಳೆಯ ಆಘಾತಗಳು ಕೆದರಿ ಭಯ, ನಿದ್ರಾನಾಶ, ವಾಸ್ತವದ ಹಿಡಿತ ಸಡಿಲವಾಗುವುದು ಇವೆಲ್ಲ ದಾಖಲಾಗಿವೆ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಹತ್ತು ದಿನದ ಶಿಬಿರ ತಕ್ಕದ್ದಲ್ಲ ಎಂದು ವಿಪಶ್ಯನಾ ಕೇಂದ್ರಗಳೇ ಅರ್ಜಿಯ ಹಂತದಲ್ಲಿ ಎಚ್ಚರಿಸುತ್ತವೆ. ಅರ್ಜಿಯ ಆ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುವುದು ಅವರವರ ಸುರಕ್ಷೆಗೇ ಬೇಕಾದ್ದು.

ಉಳಿದದ್ದು ಅತಿ ಸರಳವಾದ ಸಂದೇಹ. ಇದೆಲ್ಲ ಬರೀ ವಿಶ್ರಾಂತಿಯ ಫಲವಲ್ಲವೇ? ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಕಿ ಅಡ್ಡಾದರೂ ಇಷ್ಟೇ ಸಿಗುವುದಿಲ್ಲವೇ?

ಮುಂಬೈಯ ಕೆಇಎಂ ಆಸ್ಪತ್ರೆಯ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು 1969ರಲ್ಲಿ 47 ಬಿಪಿ ರೋಗಿಗಳಿಗೆ ಶವಾಸನ ಕಲಿಸಿದರು. ಆ ತಂಡದಲ್ಲಿದ್ದ ಡಾ. ಎಸ್.ಎಲ್. ವಿನೇಕರ್ ಲೋಣಾವಳದ ಕೈವಲ್ಯಧಾಮದವರು, ಕುವಲಯಾನಂದರ ಜೊತೆ ಯೋಗ ಚಿಕಿತ್ಸೆಯ ಪುಸ್ತಕ ಬರೆದವರು. ರೋಗಿಗಳು ದಿನಕ್ಕೆ ಅರ್ಧ ಗಂಟೆ ಮಲಗಿ, ನಿಧಾನವಾಗಿ ಹೊಟ್ಟೆಯಿಂದ ಉಸಿರಾಡುತ್ತ, ಮೂಗಿಗೆ ತಾಗುವ ತಂಪು ಗಾಳಿಯನ್ನೂ ಹೊರಬರುವ ಬೆಚ್ಚನೆ ಗಾಳಿಯನ್ನೂ ಗಮನಿಸಬೇಕಿತ್ತು. ಸುಮಾರು ಅರ್ಧದಷ್ಟು ಜನರಲ್ಲಿ ರಕ್ತದೊತ್ತಡ ಇಳಿಯಿತು ಅಥವಾ ಔಷಧದ ಪ್ರಮಾಣ ತಗ್ಗಿತು. ಹೋಲಿಸಿ ನೋಡಲು ಶವಾಸನ ಕಲಿಯದ ಇನ್ನೊಂದು ಗುಂಪು ಮಾತ್ರ ಅದರಲ್ಲಿರಲಿಲ್ಲ.

ಆ ಕೊರತೆ ತುಂಬಿದವರು ಇಂಗ್ಲೆಂಡಿನಲ್ಲಿ ವೈದ್ಯೆಯಾಗಿದ್ದ ಚಂದ್ರಾ ಪಟೇಲ್. 1973ರಲ್ಲಿ ಅವರು 20 ರೋಗಿಗಳಿಗೆ ಶವಾಸನದ ರೀತಿಯ ಸಡಿಲಿಕೆಯನ್ನೂ ಧ್ಯಾನವನ್ನೂ, ತಮ್ಮ ಮೈಯ ಬಿಗಿಯನ್ನು ಸದ್ದಿನ ಮೂಲಕ ತಿಳಿಸುವ ಯಂತ್ರದ ನೆರವಿನಿಂದ ಕಲಿಸಿದರು. ಐವರು ಬಿಪಿ ಮಾತ್ರೆಯನ್ನೇ ಬಿಡುವಂತಾಯಿತು, ಇನ್ನೂ ಏಳು ಜನರ ಮಾತ್ರೆ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಇಳಿಯಿತು. ಎರಡೂ ವೈದ್ಯರ ಕಣ್ಗಾವಲಿನಲ್ಲಿ. ಆಮೇಲೆ ಅದೇ ವಯಸ್ಸಿನ, ಅದೇ ಕಾಯಿಲೆಯ ಇನ್ನೂ 20 ಜನರನ್ನು ಪಟೇಲ್ ಅಷ್ಟೇ ಸಲ ಕರೆಸಿ, ಅಷ್ಟೇ ಹೊತ್ತು ಹಾಸಿಗೆಯ ಮೇಲೆ ಸುಮ್ಮನೆ ಮಲಗಿಸಿದರು. ಉಸಿರಿನ ಪಾಠವಿಲ್ಲ, ಸ್ನಾಯು ಬಿಡುವ ಪಾಠವಿಲ್ಲ. ಅವರ ರಕ್ತದೊತ್ತಡದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಕಲಿತವರಲ್ಲಿ ಇಳಿದದ್ದು ಹನ್ನೆರಡು ತಿಂಗಳ ನಂತರವೂ ಇಳಿದೇ ಇತ್ತು.

ಆ ಹನ್ನೆರಡು ತಿಂಗಳ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದದ್ದು 1975ರ ಜನವರಿಯಲ್ಲಿ. ಅದೇ ತಿಂಗಳು ಪುಣೆಯ ಮಾಡೆಲ್ ಕಾಲೊನಿಯಲ್ಲಿ ಅಯ್ಯಂಗಾರರ ಯೋಗ ಸಂಸ್ಥೆಯ ಬಾಗಿಲು ತೆರೆಯಿತು. ಎರಡು ವರ್ಷ ಹಿಂದೆ ಅದರ ಭೂಮಿಪೂಜೆ ಮಾಡಿ ಕೆಲವೇ ದಿನಗಳಲ್ಲಿ ತೀರಿಕೊಂಡ ಪತ್ನಿ ರಮಾಮಣಿಯವರ ಹೆಸರನ್ನು ಅದಕ್ಕೆ ಇಡಲಾಗಿದೆ. ಬೆನ್ನುನೋವು, ಹೃದ್ರೋಗ, ರಕ್ತದೊತ್ತಡ ಇರುವವರಿಗೆಂದೇ ಅಲ್ಲಿ ಪ್ರತ್ಯೇಕ ಚಿಕಿತ್ಸಾ ತರಗತಿಗಳು ನಡೆಯುತ್ತ ಬಂದಿವೆ. ಒಬ್ಬೊಬ್ಬ ರೋಗಿಯ ಬೆನ್ನಿಗೆ, ಕತ್ತಿಗೆ ಎಷ್ಟು ಎತ್ತರದ ದಿಂಬು ಬೇಕೆಂದು ಶಿಕ್ಷಕರು ಬಳಿ ಕೂತು ನೋಡುತ್ತಾರೆ.